ಹೆಂಗಸರೇ ಮಾಡಬೇಕಾದ ಝಡತಿ

ಎಂಬತ್ತರ ದಶಕದ ನಡುವಿನ ಮಾತು. ನಾನಾಗ ನಿಪ್ಪಾಣಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ನನ್ನೂರು ಕಬ್ಬೂರ, ಮರಾಠಿ ಅಷ್ಟಕ್ಕಷ್ಟೆ, ಮೇಲೆ ಮೂಗಿನ ತುದಿಯಲ್ಲೇ ಸಿಟ್ಟು. ಹೀಗಾಗಿ ಆ ಓಣಿಯಲ್ಲಿ ನನ್ನೊಡನೆ ಮಾತಾಡುತ್ತಿದ್ದವಳು ಒಬ್ಬಳೇ, ಗೋಡೆಯಾಚೆ ಬೀಡಿ ಕಟ್ಟುತ್ತಿದ್ದ ಹೆಂಗಸು. ಸಂಜೆ ಮೊರ ತೊಡೆಯ ಮೇಲಿಟ್ಟುಕೊಂಡು ನನ್ನ ಹೊಸ್ತಿಲ ಬಳಿ ಕೂತರೆ, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಓಣಿಯ ಸುದ್ದಿಯನ್ನೆಲ್ಲ ಹೇಳಿ ಮುಗಿಸಿಯೇ ಏಳುತ್ತಿದ್ದಳು. ಆಕೆ ಬಾರದ ದಿನ ನನಗೆ ಊಟ ಸೇರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಪೊಲೀಸನೊಬ್ಬ ಆಸ್ಪತ್ರೆಗೆ ಬಂದ.

“ಬಾಯಾರ, ಸ್ವಲ್ಪ ಠಾಣೆಕ ಬರ್ರಿ. ಒಬ್ಬ ಹೆಣ್ಮಗಳನ್ನ ಅಟಕ ಮಾಡೇವಿ. ಅಕೀನ ಮೈ ಝಡತಿ, ಅಂದ್ರ ಮೈಮ್ಯಾಲಿನ ತಪಾಸಣಿ, ಹೆಣ್ಮಕ್ಕಳ ಮಾಡಬೇಕಂತ ಕಾಯ್ದೆ ಐತಿ. ನಮ್ಮಲ್ಲಿ ಹೆಣ್ಮಕ್ಕಳ ಪೊಲೀಸ್ ಯಾರೂ ಇಲ್ರಿ.”

ಕಾಯ್ದೆಗೇ ನಾನು ಬೇಕಾದೆನಲ್ಲ ಎಂದು ಒಳಗೊಳಗೇ ಬೀಗಿದೆ. ಡಾಕ್ಟರನ್ನು ಕೇಳಿ ಹೊರಟೆ.

ಠಾಣೆಯ ಕೋಣೆಯಲ್ಲಿ ನನ್ನ ನೆರೆಯವಳೇ ನಿಂತಿದ್ದಳು. ಆಕೆ ಕಟ್ಟಿದ ಬೀಡಿ ಒಪ್ಪಿಸುವ ಕಾರಖಾನೆಯಲ್ಲಿ ಲೆಕ್ಕ ಬರೆಯುವ ದಿವಾಣಜಿಯ ಕೈಗಡಿಯಾರ ಕಾಣೆಯಾಗಿತ್ತಂತೆ. ಅವರ ಮೇಜಿನ ಹತ್ತಿರ ಕೊನೆಗೆ ನಿಂತವಳು ಈಕೆ ಎಂದು ದೂರು. ನನ್ನನ್ನು ಕಂಡದ್ದೇ ತಡ, ಆಕೆಯ ಮುಖ ಅರಳಿತು.

“ಬಾಯಾರ, ನೀವರ ಹೇಳ್ರಿ ಇವ್ರಿಗೆ.”

ನಾನು ಕೈ ತೊಳೆಯಲು ನೀರು ಕೇಳಿದೆ. ಠಾಣೆಯ ಸಾಹೇಬರು ಗಂಡಸರನ್ನೆಲ್ಲ ಹೊರಗೆ ಕಳಿಸಿ, ಕಿಟಕಿ ಮುಚ್ಚಿಸಿ, “ಮರ್ಯಾದಿಲೆ ನೋಡ್ರಿ” ಎಂದು ಬಾಗಿಲು ಎಳೆದುಕೊಂಡು ತಾವೂ ಹೊರಗೆ ಹೋದರು. ಅವರನ್ನು ಬಯ್ಯುವಂತಿಲ್ಲ, ಕಾಯ್ದೆ ಹೇಳಿದಂತೆಯೇ ನಡೆದುಕೊಂಡರು. ನಾನೂ ಹೆರಿಗೆ ವಾರ್ಡಿನ ಅಚ್ಚುಕಟ್ಟಿನಲ್ಲಿ ಸೆರಗು, ಕುಪ್ಪಸ, ಸೀರೆಯ ನಿರಿಗೆ ಎಲ್ಲ ನೋಡಿದೆ. ಆಕೆ ಅಲ್ಲಿಯತನಕ ಏನೇನೋ ಪಿಸುಗುಡುತ್ತಿದ್ದಳು. ತುರುಬು ಬಿಚ್ಚಿದಾಗ ಸುಮ್ಮನಾದಳು. ಏನೂ ಸಿಗಲಿಲ್ಲ. ಹಾಗೆಂದು ಬರೆದ ಕಾಗದಕ್ಕೆ ಸಹಿ ಹಾಕಿ ಡ್ಯೂಟಿಗೆ ಮರಳಿದೆ. ಗಡಿಯಾರ ದಿವಾಣಜಿಯ ಮನೆಯಲ್ಲೇ ಇತ್ತಂತೆ, ಸಂಜೆಯೊಳಗೆ ಆಕೆಯನ್ನು ಬಿಟ್ಟರು.

ಆಕೆ ಹೊಸ್ತಿಲಿಗೆ ಬರಲಿಲ್ಲ. ಒಂದು ವಾರ ಕಾದೆ. ಗೋಡೆಯಾಚೆ ಬೀಡಿ ಎಲೆ ಕತ್ತರಿಸುವ ಸದ್ದು ಮಾತ್ರ ಕೇಳುತ್ತಿತ್ತು. ತಡೆಯಲಾರದೆ ನಾನೇ ಹೋದೆ.

“ನನ್ನ ಮ್ಯಾಲ ಯಾಕ ಸಿಟ್ಟು? ಗೊತ್ತಿಲ್ಲದಾಕಿ ಮೈ ಮುಟ್ಟೂದಕಿಂತ ನಾ ಮುಟ್ಟಿದ್ದು ಚಲೋ ಆಗಲಿಲ್ಲೇನು?”

ಆಕೆ ತಲೆ ಎತ್ತದೆ ಹೇಳಿದಳು. “ಗೊತ್ತಿಲ್ಲದಾಕಿಗೆ ನಾ ಎಂಥಾಕಿ ಅಂತ ಹ್ಯಾಂಗ ಗೊತ್ತಿರತೈತ್ರಿ? ನಿಮಗ ಗೊತ್ತಿತ್ತಲ್ರಿ ಬಾಯಾರ. ಗೊತ್ತಿದ್ದೂ ತುರುಬು ಬಿಚ್ಚಿದ್ರಿ.”

ಕಾಯ್ದೆ, ಡ್ಯೂಟಿ, ಸಹಿ ಎಂದು ಏನೇನೋ ಒದರಿದೆ. ಒದರುವಾಗಲೇ ನಾಚಿಕೆಯಾಗುತ್ತಿತ್ತು. ಗಡಿಯಾರ ಸಿಕ್ಕರೂ ಸಿಕ್ಕೀತು ಅಂದುಕೊಂಡೇ ಆ ತುರುಬಿಗೆ ಕೈ ಹಾಕಿದ್ದೆ. ನನ್ನ ಬೆರಳುಗಳಿಂದಲೇ ಆಕೆಗೆ ಅದು ತಿಳಿದಿತ್ತು. ಅಥಣಿಗೆ ವರ್ಗವಾಗುವ ತನಕ, ಮೂರು ವರ್ಷ, ಅದೇ ಗೋಡೆಯ ಈಚೆ ಒಬ್ಬಳೇ ಕೂತು ಉಂಡೆ.