ಟ್ಯಾಪೆಟ್ಟಿನ ಸಪ್ಪಳ, ಅವ್ವನ ದನಿ

ನಾನು ಸಣ್ಣಾಕಿ ಇದ್ದಾಗ ನಮ್ಮ ವಾಗದರಿ ಊರಲ್ಲಿ ಸೊಸೆಯಾದವಳು ಮಾವನ ಮುಂದೆ ಬಾಯಿ ತೆರೆಯುತ್ತಿರಲಿಲ್ಲ. ಅವ್ವ ಅಜ್ಜನಿಗೆ ಏನು ಹೇಳಬೇಕಾದರೂ ನನ್ನ ಮುಖಾಂತರವೇ. "ಅಜ್ಜಾರಿಗೆ ಕೇಳು, ಇನ್ನೊಂದು ಭಕ್ರಿ ಹಾಕ್ಲೇನು?" ಅಜ್ಜ ಎದುರಿಗೇ ಕೂತಿರುತ್ತಿದ್ದ! ಎಂಥಾ ಮರ್ಯಾದೆಯೋ ಏನೋ, ನನಗಂತೂ ಸಾಕಾಗಿ ಹೋಗಿತ್ತು.

ಆ ಬೇಸಿಗೆಯಲ್ಲಿ ಅಜ್ಜ ಹಳೇ ಜೀಪಿನ ಇಂಜಿನ್ ಪೂರಾ ಬಿಚ್ಚಿ ತಾನೇ ಮತ್ತೆ ಕಟ್ಟಿದ. ಮನೆ ತುಂಬ ಸುಟ್ಟ ಆಯಿಲಿನ ವಾಸನೆ. ತಿನ್ನುವ ಶೇಂಗಾ ಹಿಂಡಿಗೂ ಅದೇ ನಾತ. ಚಾಲೂ ಮಾಡಿದರೆ ಒಳಗೆ ವಾಲ್ವ್ ಒತ್ತುವ ಟ್ಯಾಪೆಟ್ ಟಕಟಕ ಅನ್ನತೊಡಗಿತು. ಅಜ್ಜ ಆಯಿಲ್ ಬದಲಿಸಿ ಮತ್ತೆ ಚಾಲೂ ಮಾಡಿದ. "ನೋಡ್ರಿ, ಆವಾಜ್ ಹೋತು!" ಅಂದ.

ಹೋಗಿರಲಿಲ್ಲ. ಅವನ ಕಿವಿ ಮಂದವಾದದ್ದು ನಮಗೆ ಗೊತ್ತಾದದ್ದೇ ಆಗ. ಹೇಳುವವರು ಯಾರು?

"ಇವತ್ತ ಈ ಜೀಪ್ ಸರಿ ಆಗಲಿಲ್ಲಂದ್ರ ಸೋಲಾಪುರಕ್ಕ ಒಯ್ದು ಗುಜರಿಗೆ ಹಾಕ್ತೀನಿ," ಅಂತ ಅಪ್ಪ ಅವ್ವನ ಮುಂದೆ ಗೊಣಗಿದ. ಅವ್ವನ ಮುಖ ಸಪ್ಪಗಾಯಿತು. ಅಜ್ಜಿ ತೀರಿದ ಮೇಲೆ ಅಜ್ಜ ನಗುತ್ತಿದ್ದದ್ದು ಆ ಸ್ಟೇರಿಂಗ್ ಹಿಡಿದಾಗ ಮಾತ್ರ.

"ಸಪ್ಪಳ ಇನ್ನೂ ಐತಿ ಅಂತ ಅಜ್ಜಾರಿಗೆ ಹೇಳು," ಅಂದಳು ನನಗೆ. ಕೂಗಿ ಹೇಳಿದೆ. ಅಜ್ಜ ಇಂಜಿನ್ನಿನ ಮೇಲಿನ ಮುಚ್ಚಳ ತೆಗೆದು, ಚಾಲೂ ಇಟ್ಟೇ, ಒಂದೊಂದು ಟ್ಯಾಪೆಟ್ಟಿನ ಸಂದಿಗೂ ತೆಳ್ಳನೆ ತಗಡಿನ ಪಟ್ಟಿ ತೂರಿಸಿದ. ಎಲ್ಲಿ ತೂರಿಸಿದಾಗ ಸಪ್ಪಳ ನಿಲ್ಲುತ್ತದೋ ಅದೇ ಸಡಿಲಾದದ್ದು. ಒಂದು ಕಡೆ ಸಪ್ಪಳ ನಿಂತಿತು. ಅಜ್ಜನಿಗೆ ತಿಳಿಯಲಿಲ್ಲ, ಪಟ್ಟಿ ಮುಂದೆ ಹೋಯಿತು. ನಾನು ಚೀರಿದ್ದು ಆ ಗದ್ದಲದಲ್ಲಿ ಎಲ್ಲಿ ಕೇಳಬೇಕು!

ಅವ್ವ ಸೆರಗು ಸೊಂಟಕ್ಕೆ ಸಿಗಿಸಿ ಬಂದವಳೇ ಅವನ ಕಿವಿಗೆ ಬಾಗಿ ಕೂಗಿದಳು: "ಮಾವಾರ! ಅದ ಐತ್ರಿ, ಹಿಂದ ಬರ್ರಿ!"

ಇಡೀ ಓಣಿಗೆ ಕೇಳಿರಬೇಕು. ಇನ್ನು ಬೈಗುಳ ಗ್ಯಾರಂಟಿ ಅಂದುಕೊಂಡೆ. ಅಜ್ಜ ಆಕೆಯನ್ನೇ ನೋಡಿದ, ಕಣ್ಣು ತುಂಬಿ ಬಂದವು. "ನೀನ ಹೇಳವ್ವಾ," ಅಂದ, "ನನಗ ಕೇಳವಲ್ದು."

ಅವನು ಸ್ಕ್ರೂ ತಿರುವಿದ, ಆಕೆ ಕಿವಿಗೊಟ್ಟು ನಿಂತು "ಸಾಕ್ರಿ!" ಅಂದಳು. ಜೀಪ್ ಉಳಿಯಿತು. ಆಮೇಲೆ ಅಜ್ಜ ಹೊಲದತನಕ ಅಷ್ಟೇ ಓಡಿಸುತ್ತಿದ್ದ, ಬಾಜೂಕ ಅವ್ವ ಕೂತಿರುತ್ತಿದ್ದಳು. ಇಬ್ಬರ ನಡುವೆ ನನ್ನ ಕೆಲಸ ಮುಗಿದಿತ್ತು. ಆದರೆ ಮುಂದಿನ ಬೇಸಿಗೆಗೆ ಅಜ್ಜನ ಕಿವಿ ಪೂರಾ ಹೋಯಿತು.

ಈಗ ಅಜ್ಜನೂ ಇಲ್ಲ, ಜೀಪೂ ಇಲ್ಲ. ನಾನು ನನ್ನ ಗಂಡನ ಮನೆಯ ಮಾವನ ಜೊತೆ ಫೋನಿನಲ್ಲಿ ಹರಟುವುದನ್ನು ಮೊನ್ನೆ ಅವ್ವ ಕೂತು ಕೇಳಿದಳು. ಫೋನ್ ಇಟ್ಟ ಮೇಲೆ ಅಂದಳು: "ಅಷ್ಟು ವರ್ಷ ಒಂದ ಮನ್ಯಾಗ ಇದ್ದೆ. ನನ್ನ ಚೀರಾಟ ಬಿಟ್ರ, ನನ್ನ ದನಿ ಹ್ಯಾಂಗೈತಿ ಅಂತ ನಿಮ್ಮ ಅಜ್ಜಾರಿಗೆ ಗೊತ್ತ ಆಗಲಿಲ್ಲ ನೋಡು."