ಹಿರಿಯರು ನಿಂತ ಮೋಡ

ನಮ್ಮ ಕಡೆ ಮದುವೆಯ ವಿಡಿಯೊ ಎಂದರೆ ಅದರಲ್ಲಿ ತೀರಿಹೋದ ಹಿರಿಯರೂ ಇರಲೇಬೇಕಿತ್ತು. ಅಕ್ಷತೆ ಬೀಳುವ ಹೊತ್ತಿಗೆ ತೆರೆಯ ಮೇಲೆ ಮೋಡ ಸರಿಯಬೇಕು, ನಡುವಿನಿಂದ ಅಜ್ಜನೋ ಅಪ್ಪನೋ ಮೂಡಿಬಂದು ಮದುಮಕ್ಕಳ ಮೇಲೆ ಹೂ ಸುರಿಯಬೇಕು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಬಸವಕಲ್ಯಾಣದ ಒಂದು ವಿಡಿಯೊ ಮಿಕ್ಸಿಂಗ್ ಅಂಗಡಿಯಲ್ಲಿ ಆ ಮೋಡ ಮಾಡುವವನು ನಾನು. ಊಟದ ಪಂಕ್ತಿ ಬಿಟ್ಟುಹೋದರೂ ಮಂದಿ ಸುಮ್ಮನಿರುತ್ತಿದ್ದರು. ಅಜ್ಜ ಬಿಟ್ಟುಹೋದರೆ ಜಗಳಕ್ಕೇ ಬರುತ್ತಿದ್ದರು.

ಮೊದಮೊದಲು ನನ್ನ ಮೋಡಗಳು ನೋಡುವ ಹಾಗಿರಲಿಲ್ಲ. ಅನಿಮೇಶನ್ ಸಾಫ್ಟ್‌ವೇರಿನಲ್ಲಿ ಕಣಗಳನ್ನು ಹೊಮ್ಮಿಸುವ ಸೌಲಭ್ಯವಿತ್ತು. ಸಾವಿರಾರು ಚುಕ್ಕೆಗಳು ಹುಟ್ಟಿ, ಹಿಗ್ಗಿ, ಮಸುಕಾಗಿ ಸಾಯುತ್ತಿದ್ದವು. ಅವುಗಳ ವೇಗ, ಗಾತ್ರ, ಆಯಸ್ಸು ಎಲ್ಲ ನಾನೇ ಗೊತ್ತುಮಾಡಬೇಕು. ಎಷ್ಟು ತಿದ್ದಿದರೂ ಚುರುಮುರಿ ಚೆಲ್ಲಿದಂತೆಯೇ ಕಾಣುತ್ತಿತ್ತು. ಪ್ರತಿ ಕಣಕ್ಕೂ ನಿಜವಾದ ಮೋಡದ ತುಣುಕಿನ ಚಿತ್ರ ಅಂಟಿಸಿದರೆ ಸರಿಹೋದೀತು ಎಂದು ಹೊಳೆಯಿತು. ಆದರೆ ಅದು ಬೇಸಿಗೆ, ಮದುವೆಗಳ ಸುಗ್ಗಿ. ಆಕಾಶದಲ್ಲಿ ಹೆಸರಿಗೂ ಒಂದು ಮೋಡವಿರಲಿಲ್ಲ.

ನಮ್ಮ ಮನೆ ಹುಮನಾಬಾದಿನಲ್ಲಿ. ಅಪ್ಪ ಅಲ್ಲಿನ ಒಂದು ಕೆಮಿಕಲ್ ಕಾರ್ಖಾನೆಯಲ್ಲಿ ಬಾಯ್ಲರ್ ಕೆಲಸಕ್ಕಿದ್ದರು. ನನ್ನ ರಜೆಯ ದಿನ ಅವರಿಗೆ ಊಟದ ಡಬ್ಬಿ ಕೊಡಲು ಹೋದಾಗ ಚಿಮಣಿಯಿಂದ ಬೆಳ್ಳಗೆ ದಟ್ಟವಾಗಿ ಏಳುತ್ತಿದ್ದ ಹೊಗೆ ಕಣ್ಣಿಗೆ ಬಿತ್ತು. ನೀಲಿ ಆಕಾಶ, ಬಿಳಿ ಹೊಗೆ. ನನಗೆ ಬೇಕಾದದ್ದು ಅಷ್ಟೇ. ಮುಂದಿನ ರಜೆಗೆ ಅಂಗಡಿಯ ಕ್ಯಾಮೆರಾ ತಂದು ಗೇಟಿನ ಹೊರಗೆ ನಿಂತು ಆ ಹೊಗೆಯ ಚಿತ್ರ ತೆಗೆದೆ. ಅಪ್ಪ ಹೊರಬಂದು ಏನೆಂದು ಕೇಳಿದರು. ನಕ್ಕು, ಕೆಮ್ಮಿ, ಮತ್ತೆ ನಕ್ಕರು.

“ನಮ್ಮ ಹೊಗಿ ಮದವಿಗೆ ಹೊಂಟದ ಅನ್ನು,” ಎಂದರು.

ಚಿತ್ರದ ನೀಲಿಯನ್ನು ಕತ್ತರಿಸಿ ತೆಗೆದು, ಹೊಗೆಯ ತುಣುಕನ್ನು ಕಣಗಳಿಗೆ ಅಂಟಿಸಿದೆ. ಒಂದೊಂದನ್ನೂ ಒಂದೊಂದು ದಿಕ್ಕಿಗೆ ತಿರುಗಿಸಿ, ಅಂಚು ತೆಳುವಾಗಿಸಿ, ನಿಧಾನಕ್ಕೆ ಸುತ್ತಲು ಬಿಟ್ಟೆ. ಮೋಡವೆಂದರೆ ಮೋಡ! ದೂರದ ಮುಡಬಿ ಹಳ್ಳಿಯಿಂದಲೂ ಜನ ನಮ್ಮ ಅಂಗಡಿಯನ್ನೇ ಹುಡುಕಿಕೊಂಡು ಬರತೊಡಗಿದರು. ನನಗೆ ಕೊಂಬು ಮೂಡಿತ್ತು.

ಕೆಲವು ವರ್ಷಗಳಲ್ಲಿ ಅಪ್ಪ ಆ ಕೆಮ್ಮಿನಲ್ಲೇ ಹೋದರು. ಹೊಗೆಯಿಂದಲೇ ಎಂದು ಯಾವ ಡಾಕ್ಟರೂ ಹೇಳಲಿಲ್ಲ. ಅವ್ವ ಮಾತ್ರ ಹಾಗೇ ನಂಬಿದ್ದಳು. ಕಾರ್ಖಾನೆಯ ಕಡೆಗಿದ್ದ ಕಿಟಕಿಯನ್ನು ತೆರೆಯುವುದನ್ನೇ ಬಿಟ್ಟಳು. ಆಮೇಲೆ ತಂಗಿಯ ಮದುವೆಯಾಯಿತು. ಅಪ್ಪನನ್ನು ಮೋಡದಲ್ಲಿ ಚೆಂದಾಗಿ ನಿಲ್ಲಿಸು ಎಂದು ಅವ್ವ, ಅವರು ತಲೆಗೆ ಪಟಗಾ ಸುತ್ತಿದ್ದ ಒಂದು ಫೋಟೊ ಕೊಟ್ಟಳು.

ಅಂಗಡಿಯಲ್ಲಿ ಆ ಫೋಟೊ ಇಟ್ಟು ಮೋಡ ಹರಿಸಿದೆ. ಹೊಗೆ ಅಪ್ಪನ ಮುಖದ ಸುತ್ತ ಏರಿತು. ಮೌಸ್ ಹಿಡಿದ ಕೈ ಅಲ್ಲೇ ನಿಂತಿತು. ನಾನು ಅವರನ್ನು ಮತ್ತೆ ಬಾಯ್ಲರ್ ಡ್ಯೂಟಿಗೆ ಕಳಿಸಿದ್ದೆ. ಎಂಥ ಪಾಪದ ಕೆಲಸ ಅನ್ನಿಸಿ, ಕಂಪ್ಯೂಟರ್ ಬಂದ್ ಮಾಡಿ ಹುಮನಾಬಾದಿನ ಬಸ್ ಹತ್ತಿದೆ.

ಮರುದಿನ ಅಡುಗೆಮನೆಯಲ್ಲಿ ಕರಿ ಕಂಬಳಿ ಇಳಿಬಿಟ್ಟು, ಅದರ ಮುಂದೆ ಕುದಿಯುತ್ತಿದ್ದ ಅನ್ನದ ಹಬೆಯನ್ನು ಕ್ಯಾಮೆರಾದಲ್ಲಿ ಹಿಡಿಯತೊಡಗಿದೆ. ಇಷ್ಟು ದಿನ ಮೋಡ ಎಲ್ಲಿಂದ ತರುತ್ತಿದ್ದೆ, ಈಗ ಯಾಕೆ ಈ ಹುಚ್ಚು ಎಂದು ಅವ್ವ ಕೇಳಿದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಚಿಮಣಿಯ ವಿಷಯವನ್ನೆಲ್ಲ ಹೇಳಿ, ಅಪ್ಪನನ್ನು ಆ ಹೊಗೆಯಲ್ಲಿ ನಿಲ್ಲಿಸಲು ಮನಸ್ಸಾಗಲಿಲ್ಲ ಎಂದೆ. ಬೈದಾಳು, ಇಲ್ಲವೇ ಅತ್ತಾಳು ಎಂದುಕೊಂಡಿದ್ದೆ. ಅವಳು ಒಲೆಯ ಉರಿ ಸಣ್ಣಗೆ ಮಾಡಿದಳು.

“ನಿಮ್ಮಪ್ಪಗ ಅನ್ನದ ಹಬಿ ಹಿಡಿಯಾಕತ್ತಿ, ಛಲೋ ಮಾಡ್ದಿ,” ಎಂದಳು. “ಮಂದಿ ಅಪ್ಪಂದಿರು ಆ ಹೊಗಿಯಾಗೇ ನಿಂತಾರಲ್ಲೋ ತಮ್ಮಾ?”

ಅಲ್ಲಿಯವರೆಗೆ ಆ ಅಪ್ಪಂದಿರ ನೆನಪೇ ನನಗೆ ಬಂದಿರಲಿಲ್ಲ ಎಂಬುದು ಈಗಲೂ ನಾಚಿಕೆಗೇಡು.

ವಿಡಿಯೊ ತಯಾರಾಗಿ ಮನೆಯಲ್ಲಿ ಸಿಡಿ ಹಾಕಿದ ದಿನ ಓಣಿಯವರೆಲ್ಲ ಬಂದಿದ್ದರು. ಅಪ್ಪ ಅನ್ನದ ಹಬೆಯಲ್ಲಿ ನಿಂತು ತಂಗಿಯ ಮೇಲೆ ಹೂ ಸುರಿದರು. ಬಂದವರಲ್ಲಿ ಒಬ್ಬಾಕೆಯ ಗಂಡ ಅಪ್ಪನ ಸಂಗಡ ಅದೇ ಬಾಯ್ಲರಿನಲ್ಲಿ ದುಡಿದು, ಅಪ್ಪನಿಗಿಂತ ಮೊದಲೇ ತೀರಿಹೋಗಿದ್ದ. ಆಕೆಯ ಮಗಳ ಮದುವೆಯ ವಿಡಿಯೊವನ್ನು ಆ ಚಿಮಣಿಯ ಮೋಡ ಹಾಕಿ ನಾನೇ ಮಾಡಿದ್ದೆ. ತನ್ನ ಗಂಡನ ಮೋಡವೂ ಇಷ್ಟೇ ಚೆಂದ ಇದೆ, ಬೇಜಾರಾದಾಗೆಲ್ಲ ಹಾಕಿ ನೋಡುತ್ತೇನೆ ಎಂದು ಆಕೆ ಅವ್ವನ ಮುಂದೆಯೇ ಹೇಳಿದಳು. ಅವ್ವ ನನ್ನ ಕಡೆ ನೋಡಲಿಲ್ಲ.

ಬೇರೆ ಮೋಡ ಮಾಡಿಕೊಡುತ್ತೇನೆ ಎನ್ನಲು ಬಾಯಿ ತೆರೆದೆ. ಯಾಕೆ ಎಂದು ಕೇಳಿದರೆ ಏನು ಹೇಳಲಿ? “ಹೌದ್ರಿ,” ಎಂದೆ.