ಕಲ್ಲಿಯೋಪಿ ಅಜ್ಜಿಯ ಬ್ರೆಡ್ಡು, ಹಬೀಬರ ಕೈ

ಅಮೆರಿಕದ ಇಸ್ಸಾಕ್ವಾ ಊರಲ್ಲಿ ಗುಡ್ಡದ ಮಗ್ಗುಲಲ್ಲಿರುವ ಗ್ರೀಕರ ಸಮುದಾಯ ಭವನಕ್ಕೆ ಇನ್ನೂ ಬೆಳಕು ಹರಿದಿಲ್ಲ. ಅಡುಗೆಮನೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಏಪ್ರನ್ ಕಟ್ಟಿಕೊಂಡ ಹಬೀಬ್, ಬಟ್ಟೆಯ ಕೆಳಗೆ ಉಬ್ಬುತ್ತಿರುವ ಐದು ದುಂಡನೆಯ ಹಿಟ್ಟಿನ ಮುದ್ದೆಗಳನ್ನು ಕಾಯುತ್ತಾ ನಿಂತಿದ್ದಾರೆ. ಬಟ್ಟೆ ಸರಿಸಿ, ಒಂದರ ಪಕ್ಕೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ, ಮತ್ತೆ ಮುಚ್ಚುತ್ತಾರೆ. "ಬೆಳಿಗ್ಗೆ ಇಲ್ಲಿ ಥಂಡಿ ಅಲ್ವಾ, ಹಿಟ್ಟಿಗೂ ಏಳೋಕೆ ಸೋಮಾರಿತನ," ಎನ್ನುತ್ತಾರೆ.

ಇಂದು ಆಗಸ್ಟ್ ಹದಿನಾಲ್ಕು. ನಾಳೆ ನಮ್ಮವರು ಧ್ವಜ ಹಾರಿಸಿ ಲಾಡು ತಿನ್ನುವ ದಿನ. ಗ್ರೀಸಿನ ಕಾರ್ಪಥೋಸ್ ದ್ವೀಪದಿಂದ ಬಂದು ಸಿಯಾಟಲ್ ಸುತ್ತಮುತ್ತ ನೆಲೆಸಿದ ಈ ಮನೆತನಗಳಿಗೆ ಅದು ಮೇರಿ ಮಾತೆಯ ದೊಡ್ಡ ಹಬ್ಬ. ದ್ವೀಪದಲ್ಲಿ ಊರಿಗೆ ಊರೇ ಲೀರಾ ವಾದ್ಯದ ನಾದಕ್ಕೆ ಕೈಕೈ ಹಿಡಿದು ಕುಣಿಯುತ್ತದಂತೆ. ಇಲ್ಲಿಯೂ ಕುಣಿತ ಉಂಟು. ಆದರೆ ಅದಕ್ಕೂ ಮೊದಲು, ಇಂದಿನ ಸಂಜೆ ಪ್ರಾರ್ಥನೆಯಲ್ಲಿ ಪಾದ್ರಿ ಐದು ಬ್ರೆಡ್ಡುಗಳನ್ನು ಆಶೀರ್ವದಿಸಿ, ಮುರಿದು, ಎಲ್ಲರಿಗೂ ಹಂಚಬೇಕು. ಅವನ್ನು ಬೇಯಿಸುವವರು ಮೈಸೂರಿನ ಮಂಡಿ ಮೊಹಲ್ಲಾದ ಬೇಕರಿಯವರ ಮಗ ಎಂಬುದು ಕುಣಿಯುವವರಲ್ಲಿ ಎಷ್ಟೋ ಮಂದಿಗೆ ಗೊತ್ತೇ ಇಲ್ಲ.

ಹೆಂಡತಿ ನಯೀಮಾ ಅವರ ಸಾಫ್ಟ್‌ವೇರ್ ಕೆಲಸದ ಬೆನ್ನು ಹಿಡಿದು ಹಬೀಬ್ ಇಲ್ಲಿಗೆ ಬಂದವರು. ಮೊದಲ ವರ್ಷಗಳಲ್ಲಿ ದುಡಿಯಲು ಅವರಿಗೆ ಪರವಾನಗಿಯೇ ಇರಲಿಲ್ಲ. ಹತ್ತಿರದ ಸ್ನೊಕ್ವಾಲ್ಮಿ ಊರಿನ ಮನೆಯಲ್ಲಿ ಹಗಲೆಲ್ಲ ಒಬ್ಬರೇ. "ಕೈ ಸುಮ್ನಿದ್ರೆ ತಲೆ ಕೆಡುತ್ತೆ. ನಯೀಮಾ ಆಫೀಸಿಂದ ಬಂದು ಬಾಗಿಲು ತೆಗೆದ್ರೆ ಮನೆ ತುಂಬ ಬನ್ನು. 'ಯಾರ್ರೀ ತಿಂತಾರೆ ಇಷ್ಟೊಂದು?' ಅಂತ ತಲೆ ಚಚ್ಕೊಳ್ಳೋಳು," ಎಂದು ನಗುತ್ತಾರೆ. ತಿಂದವರು ಪಕ್ಕದ ಮನೆಯ ಕಲ್ಲಿಯೋಪಿ ಅಜ್ಜಿ. ಹಬ್ಬದ ಬ್ರೆಡ್ಡನ್ನು ವರ್ಷವರ್ಷವೂ ತಾವೇ ಮಾಡುತ್ತಿದ್ದ ಆಕೆಗೆ ಹಿಟ್ಟು ನಾದಲು ತೋಳಿನಲ್ಲಿ ಕಸುವು ಉಳಿದಿರಲಿಲ್ಲ. ಬನ್ನು ತಿಂದ ಮಾರನೆಯ ದಿನವೇ ಹಬೀಬರನ್ನು ಕರೆದುಕೊಂಡು ಈ ಅಡುಗೆಮನೆಗೆ ಬಂದರು. ಈಗ ಹಬೀಬ್ ಇಸ್ಸಾಕ್ವಾದ ಬೇಕರಿಯೊಂದರಲ್ಲಿ ಕೆಲಸಕ್ಕಿದ್ದಾರೆ, ಆದರೂ ಈ ಒಂದು ದಿನ ತಪ್ಪದೆ ರಜೆ ಹಾಕುತ್ತಾರೆ.

ಮೊದಲ ವರ್ಷದ ಎಡವಟ್ಟನ್ನು ಅವರಿಂದಲೇ ಕೇಳಬೇಕು. ಹಬ್ಬಕ್ಕೆ ಮುಂಚಿನ ದಿನಗಳು ಈ ಜನರಿಗೆ ಉಪವಾಸ. ಮಾಂಸ, ಹಾಲು, ಮೊಟ್ಟೆ, ಬೆಣ್ಣೆ ಯಾವುದೂ ಕೂಡದು. ಅಜ್ಜಿ ಇದನ್ನು ಬಿಡಿಸಿ ಹೇಳಿಯೂ ಇದ್ದರು. "ಏನ್ಮಾಡ್ಲಿ, ಬೇಕರಿ ಕೈ! ಒಲೆಯಿಂದ ಬಿಸಿ ಬ್ರೆಡ್ ಈಚೆ ಬಂತೋ ಇಲ್ವೋ, ಬ್ರಷ್ ತಗೊಂಡು ಐದಕ್ಕೂ ಬೆಣ್ಣೆ ಸವರಿಬಿಟ್ಟೆ. ಅಬ್ಬಾಜಾನ್ ಕಲಿಸಿದ್ದೇ ಹಾಗೆ. ರಮ್ಜಾನಲ್ಲಿ ರೋಜಾ ಇಡೋನು ನಾನು, ಉಪವಾಸದ ಬೆಲೆ ನನಗೆ ಗೊತ್ತಿರಬೇಕಿತ್ತು. ನಾಚಿಕೆಯಾಗಿ ಅಳು ಬಂತು." ಅಜ್ಜಿ ಬೈಯಲಿಲ್ಲವಂತೆ. ಬೆಣ್ಣೆ ಹಚ್ಚಿದ್ದನ್ನು ಹಬ್ಬದ ಮಧ್ಯಾಹ್ನ ಮಕ್ಕಳಿಗೆ ಆಗುತ್ತದೆ ಎಂದು ಸುತ್ತಿಟ್ಟು, ಮತ್ತೆ ಹಿಟ್ಟಿನ ಚೀಲ ಬಿಚ್ಚಿದರಂತೆ. ಅಂಥ ದೊಡ್ಡ ಮನಸ್ಸು ಎಲ್ಲರಿಗೂ ಇರುವುದಿಲ್ಲ.

ಈ ಸಲ ಅಜ್ಜಿ ಜೊತೆಗಿಲ್ಲ. ಈ ಬೇಸಿಗೆಯ ಮೊದಲಲ್ಲಿ ಬಿದ್ದು ಸೊಂಟ ಮುರಿದುಕೊಂಡು ಆರೈಕೆ ಕೇಂದ್ರದಲ್ಲಿ ಮಲಗಿದ್ದಾರೆ. ಅಜ್ಜಿಯೇ ನಿಲ್ಲದ ಮೇಲೆ ಇನ್ನು ಅಂಗಡಿಯಿಂದ ತರಿಸಿದರಾಯಿತು ಎಂಬ ಮಾತು ಕಾರ್ಪಥೋಸಿನವರ ಸಂಘದಲ್ಲಿ ಎದ್ದಿದೆ. ಕಾರ್ಯದರ್ಶಿ ಮನೋಲಿಸ್ ಮಾತ್ರ, ಈ ವರ್ಷ ಹಬೀಬ್ ಒಬ್ಬರೇ ಮಾಡಲಿ, ಅಜ್ಜಿ ತಿಂದು ನೋಡಿ ಏನು ಹೇಳುತ್ತಾರೋ ಹಾಗೆ ಮಾಡೋಣ ಎಂದು ಆ ಮಾತನ್ನು ತಡೆದು ನಿಲ್ಲಿಸಿದ್ದಾರೆ.

"ಅವರದ್ದೇನೂ ತಪ್ಪಿಲ್ಲ. ಹಬ್ಬ ಅವರದು," ಎನ್ನುತ್ತಾ ಹಬೀಬ್ ಶಿಲುಬೆ ಕೆತ್ತಿದ ಮರದ ಮುದ್ರೆಯನ್ನು ಒಂದೊಂದೇ ಮುದ್ದೆಯ ನೆತ್ತಿಗೆ ಒತ್ತುತ್ತಾರೆ. "ಆದ್ರೆ ಇವರ ಮೇರಿ ಮಾತೆ ಅಂದ್ರೆ ನಮ್ಮ ಮರಿಯಮ್ ಬೀಬಿ, ನಮಗೂ ದೊಡ್ಡೋರೇ. ಅವರ ಹೆಸರಲ್ಲಿ ಒಂದು ಕೆಲಸ ಸಿಕ್ಕಿದೆ. ಇದೂ ಹೋದ್ರೆ ಈ ಊರಲ್ಲಿ ನಂದು ಅಂತ ಏನಿದೆ ಹೇಳಿ?" ಟ್ರೇ ಒಲೆಯೊಳಗೆ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ದಾಲ್ಚಿನ್ನಿ, ಕಿತ್ತಳೆ ಸಿಪ್ಪೆಯ ಘಮ ಪಾರ್ಕಿಂಗ್ ಜಾಗದವರೆಗೂ ಹಬ್ಬುತ್ತದೆ.

ಸಂಜೆ ಪ್ರಾರ್ಥನೆಯ ಹೊತ್ತಿಗೆ ಹಬೀಬ್ ಚರ್ಚಿನ ಬಾಗಿಲ ಬಳಿ, ಚಪ್ಪಲಿ ಕಳಚಿ ನಿಂತಿದ್ದಾರೆ. ಇಲ್ಲಿ ಯಾರೂ ಚಪ್ಪಲಿ ಬಿಡುವುದಿಲ್ಲ. ಇವರಿಗೆ ಮನಸ್ಸು ಒಪ್ಪುವುದಿಲ್ಲ. ಬ್ರೆಡ್ಡು ಮುರಿದಾಗ ಮಕ್ಕಳು ಎರಡೆರಡು ಸಲ ಕೈಯೊಡ್ಡುತ್ತಾರೆ. ಅದನ್ನು ನೋಡಿದರೂ ಹಬೀಬರ ಮುಖ ಅರಳುವುದಿಲ್ಲ, ಅಜ್ಜಿಯ ತೀರ್ಪು ಇನ್ನೂ ಬಾಕಿ ಇದೆ.

ಮಾರನೆಯ ಬೆಳಿಗ್ಗೆ ಒಂದು ತುಂಡನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ಮನೋಲಿಸ್ ಜೊತೆ ಆರೈಕೆ ಕೇಂದ್ರಕ್ಕೆ ಹೋಗುತ್ತಾರೆ. ದಿಂಬಿಗೆ ಒರಗಿದ ಅಜ್ಜಿ ಬ್ರೆಡ್ಡನ್ನು ತಿರುಗಿಸಿ ತಳ ನೋಡುತ್ತಾರೆ, ಮೂಸುತ್ತಾರೆ, ನಿಧಾನವಾಗಿ ಅಗಿಯುತ್ತಾರೆ. ಅಜ್ಜಿಯ ಹುಬ್ಬು ಗಂಟಿಕ್ಕುತ್ತದೆ. ಇಂಗ್ಲಿಷಿನಲ್ಲೇ ಗದರುತ್ತಾರೆ: "ತಳ ಜಾಸ್ತಿ ಬೆಂದಿದೆ. ಮುಂದಿನ ವರ್ಷ ಒಲೆಯೊಳಗೆ ಮೇಲಿನ ಹಲಗೆಯಲ್ಲಿಡು. ಕಿತ್ತಳೆ ಸಿಪ್ಪೆಯನ್ನೂ ಇಷ್ಟು ಸುರೀಬೇಡ."

ಮನೋಲಿಸ್ ಮುಖ ಬಾಡುತ್ತದೆ, ಹಬೀಬರ ಕ್ಷಮೆ ಕೇಳಲು ಮುಂದಾಗುತ್ತಾರೆ. ಹಬೀಬರಿಗೋ ಕಣ್ಣು ತುಂಬಿ ಬಂದಿದೆ, ನಗುವನ್ನೂ ತಡೆಯಲಾಗುತ್ತಿಲ್ಲ. ಹೊರಗೆ ಬಂದ ಮೇಲೂ ಅದೇ ನಗು.

"ಬೇಡವಾಗಿದ್ರೆ ಚೆನ್ನಾಗಿದೆ ಅಂತ ಹೇಳಿ ತಟ್ಟೆ ಪಕ್ಕಕ್ಕಿಡೋರು," ಎನ್ನುತ್ತಾರೆ. "ಬೈದಿದಾರೆ, ಮುಂದಿನ ವರ್ಷ ಅಂತ ಬೇರೆ ಅಂದಿದಾರೆ. ಮೇಲಿನ ಹಲಗೇಲೇ ಇಡ್ತೀನಿ."